ಬೆಳ್ಳಿ ಮುಚ್ಚಳ

ಸೋಮವಾರ ಬಂತೆಂದರೆ ಜವಳಗೇರಾದ ಪಂಪಮ್ಮನ ಕೈಯಿಂದ ಯಾವ ವಸ್ತುವೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಬೀಸುವ ಕಲ್ಲಿನಿಂದ ಟ್ರ್ಯಾಕ್ಟರ್‌ವರೆಗೆ ಎಲ್ಲವನ್ನೂ ತಿಕ್ಕಿ ತೊಳೆದು ವಿಭೂತಿ ಎಳೆಯುವಳು. ಬಿಟ್ಟರೆ ಕಾಲುವೆಯ ನೀರನ್ನೂ ತೊಳೆದಾಳು. ಈ ಸೋಮವಾರ ಸೊಸೆ ನಂದಿನಿಯ ದುರ್ಬೀನಿನ ಸರದಿ ಬಂತು.

ನಂದಿನಿ ಸಿಂಧನೂರಿನ ಕಾಲೇಜಿನಲ್ಲಿ ವಿಜ್ಞಾನ ಕಲಿಸುವವಳು. ದಿನಾ ಮಾಳಿಗೆ ಹತ್ತಿ ಸೂರ್ಯನ ಮೇಲಿನ ಕಲೆಗಳನ್ನು ನೋಡಿ, ಯಾವುದು ಬೆಂಕಿ ಉಗುಳೀತೆಂದು ಅಂದಾಜು ಮಾಡಿ, ಬೆಳಗಿನ ಒಂಬತ್ತರೊಳಗೆ ದೂರದ ಬೆಟ್ಟದ ವೀಕ್ಷಣಾಲಯಕ್ಕೆ ಫೋನಿನಲ್ಲಿ ತಿಳಿಸಬೇಕು. ಅಲ್ಲಿನ ದೊಡ್ಡ ದುರ್ಬೀನು ಅಂದು ಆ ಕಲೆಯನ್ನೇ ನೋಡುವುದು. ನಮ್ಮ ಸೊಸೆ ಸೂರ್ಯಪ್ಪನ ಮೈಮೇಲಿನ ಸಿಡುಬು ಎಣಿಸುತ್ತಾಳೆಂದು ಪಂಪಮ್ಮ ಊರನ್ನೆಲ್ಲ ನಗಿಸಿದ್ದಳು.

ದುರ್ಬೀನಿನ ಬಾಯಿಗೆ ಬೆಳ್ಳಿಯಂತೆ ಹೊಳೆಯುವ ತೆಳು ಹಾಳೆಯ ಮುಚ್ಚಳವಿತ್ತು. ಪಂಪಮ್ಮ ಅದನ್ನು ಬಿಚ್ಚಿ, ಪೂಜೆಯ ಗಿಂಡಿಯಂತೆ ಬೂದಿ ಹಚ್ಚಿ ನಾರಿನಿಂದ ತಿಕ್ಕಿದಳು. ಹೊಳಪು ನೋಡಲು ಬೆಳಕಿಗೆ ಹಿಡಿದರೆ ಅದರಲ್ಲಿ ಸೂಜಿಮೊನೆಯಂಥ ಮೂರು ಚುಕ್ಕೆ ಮಿನುಗಿದವು. ಸೊಸೆ ಮೊದಲ ದಿನವೇ ಹೇಳಿದ್ದು ನೆನಪಾಯಿತು: ಇದಕ್ಕೊಂದು ತೂತು ಬಿದ್ದರೂ ನೋಡಿದವರ ಕಣ್ಣು ಸುಟ್ಟೀತು. ಪಂಪಮ್ಮ ನಾಷ್ಟಾ ಆದಮೇಲೆ ಹೇಳಿದರಾಯಿತೆಂದು ಮುಚ್ಚಳವನ್ನು ಮತ್ತೆ ಸಿಕ್ಕಿಸಿಬಿಟ್ಟಳು. ಇಷ್ಟು ದಿನ ನಗಾಡಿದ ಬಾಯಿಗೆ ತಪ್ಪೊಪ್ಪುವುದು ಸುಲಭವೇ?

ಆದರೆ ಹೊತ್ತಾಯಿತೆಂದು ನಂದಿನಿ ನಾಷ್ಟಾ ಬಿಟ್ಟು ಮಾಳಿಗೆ ಹತ್ತಿದಳು. ಹಿಂದೆಯೇ ಓಡಿದ ಪಂಪಮ್ಮನ ಎದೆಬಡಿತ ಹತ್ತು ರೈಸ್‌ಮಿಲ್ಲುಗಳನ್ನು ಮೀರಿಸಿತು. ಅವಳು ಕೂಗುವಷ್ಟರಲ್ಲಿ ಸೊಸೆ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಪಂಪಮ್ಮ ಹಾರಿ ಬಿದ್ದು ದುರ್ಬೀನಿನ ಬಾಯಿಗೆ ಎರಡೂ ಅಂಗೈ ಒತ್ತಿದಳು.

“ನೋಡಬ್ಯಾಡ ಬೇ. ನಾ ಅದನ್ನ ಬೂದಿ ಹಚ್ಚಿ ತಿಕ್ಕೀನಿ.”

ನಂದಿನಿ ಮುಚ್ಚಳವನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಅವಳ ಮುಖ ಬಿಳುಚಿತು. ಮುಚ್ಚಳವನ್ನು ಪಕ್ಕಕ್ಕಿಟ್ಟಳು. ಆಮೇಲೆ ಗಡಿಯಾರ ನೋಡಿ, ಅತ್ತೆಯ ಬಿಳಿ ಸೆರಗನ್ನು ದುರ್ಬೀನಿನ ಹಿಂದೆ ಒಂದು ಗೇಣು ದೂರಕ್ಕೆ ಹಿಡಿಸಿದಳು.

“ಅಲ್ಲಾಡಬ್ಯಾಡ್ರೀ ಅತ್ತಿ. ಇವತ್ತ ಯಾರೂ ಅದಕ್ಕ ಕಣ್ಣ ಹಚ್ಚಂಗಿಲ್ಲ.”

ಸೆರಗಿನ ಮೇಲೆ ತಟ್ಟೆಯಗಲದ ಸೂರ್ಯ ಮೂಡಿದ. ಪಂಪಮ್ಮನ ಕೈ ನಡುಗಿದಂತೆ ಅವನೂ ನಡುಗಿದ. ನಂದಿನಿ ಆ ಕೈಗಳನ್ನು ಹಿಡಿದಳು. ಅಂಚಿನ ಹತ್ತಿರ ನಿನ್ನೆ ಸಾಸಿವೆಯಷ್ಟಿದ್ದ ಕಲೆ ಇಂದು ಜೋಳದ ಕಾಳಿನಷ್ಟಾಗಿ ಒಡೆದಿತ್ತು. ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ಅದನ್ನೇ ಫೋನಿನಲ್ಲಿ ತಿಳಿಸಿದಳು.

ಪಂಪಮ್ಮ ಸೆರಗು ಬಿಡಲಿಲ್ಲ. “ಒಂದೊಂದ ಕಣ್ಣ ಮುಚ್ಚಿ ನೋಡು. ನಾ ಕಾಣ್ತೀನಿಲ್ಲ?”

ನಂದಿನಿ ಎಡಗಣ್ಣು ಮುಚ್ಚಿ ನೋಡಿದಳು, ಬಲಗಣ್ಣು ಮುಚ್ಚಿ ನೋಡಿದಳು.

“ಕಾಣ್ತೀರಿ. ಮೂಗಿಗೆ ಬೂದಿ ಹತ್ತೈತಿ.”