ಕಮ್ ಇನ್ ಅನ್ನದ ಹುಡುಗಿ

೧
ಈ ಕಥೆಯನ್ನು ಬಾಗಿಲಿನಿಂದ ಶುರು ಮಾಡಲೋ, ಒಳಗಿನಿಂದಲೋ? ಒಳಗಿನಿಂದಲೇ ಆಗಲಿ. ಬಾಗಿಲಿಗೆ ಅಧಿಕಾರಿ ಬರುತ್ತಾರೆ, ಅವರೆಂದರೆ ನನಗೂ ಭಯ.

೨
ಮೇಲೂರಿನ ಹತ್ತಿರದ ಒಂದು ಸರ್ಕಾರಿ ಶಾಲೆ. ನಾಲ್ಕನೇ ತರಗತಿಯ ಇಂಗ್ಲಿಷ್ ಪೀರಿಯಡ್‌ಗೆ ಇಬ್ಬರು ಟೀಚರ್. ಶಿರೀಷಾ ಮಕ್ಕಳನ್ನು ಮಾತಾಡಿಸುತ್ತಾಳೆ. ಹಿರಿಯರಾದ ವೆಂಕಟರತ್ನಮ್ಮ ಮಕ್ಕಳ ನಡುವೆ ಚಾಪೆಯ ಮೇಲೆ ಕೂತು ಮುಖಗಳನ್ನು ನೋಡುತ್ತಾರೆ.

(ಮೊದಲ ಡ್ರಾಫ್ಟ್‌ನಲ್ಲಿ 'ಇಂಗ್ಲಿಷ್ ಬಾರದ ವೆಂಕಟರತ್ನಮ್ಮ' ಎಂದಿತ್ತು. "ಬರಲ್ಲ ಅಂತ ಬರೀಬೇಡಮ್ಮ. ನಾನು ಮಾತಾಡಲ್ಲ, ಅಷ್ಟೇ," ಎಂದು ಅವರೇ ತಿದ್ದಿಸಿದರು.)

ಒಂದು ತರಗತಿಗೆ ಇಬ್ಬರು ದಂಡ ಎನ್ನುವುದು ಶಿಕ್ಷಣ ಇಲಾಖೆಯ ಅಧಿಕಾರಿ ಮಧುಸೂದನ್ ಅವರ ಅಭಿಪ್ರಾಯ. ಸೋಮವಾರ ಅವರು ಬಂದಾಗ ಮಕ್ಕಳು ಬಾಯಿ ಬಿಡದಿದ್ದರೆ ಜೋಡಿ ಪಾಠ ಅವತ್ತಿಗೇ ಮುಗಿಯಿತು.

೩
ಆಟ ಸರಳ. ನೆಂಟರು ಬಾಗಿಲು ತಟ್ಟಿದರೆ ಮನೆಯವರು 'ಪ್ಲೀಸ್ ಕಮ್ ಇನ್' ಅನ್ನಬೇಕು. ಎಲ್ಲರೂ ಅಂದರು. ಅಮೃತ ಎಂಬ ಹುಡುಗಿ ಮಾತ್ರ ಕೈ ಅಡ್ಡ ಹಿಡಿದು, ತುಟಿ ಬಿಗಿದು ನಿಂತಳು. ಶಿರೀಷಾ ಹೇಳಿಕೊಟ್ಟಳು, ಪುಸಲಾಯಿಸಿದಳು, ಕೊನೆಗೆ ಈ ಮಗುವಿಗೆ ನಾಲಿಗೆ ಹೊರಳದು ಎಂದು ಕೈಚೆಲ್ಲಿದಳು. (ನಾನೂ ಹಾಗೇ ಬರೆದಿದ್ದೆ. ಹೊಡೆದು ಹಾಕಿದ್ದೇನೆ.)

ವೆಂಕಟರತ್ನಮ್ಮ ಹುಡುಗಿಯ ಬಾಯಿ ನೋಡಲಿಲ್ಲ, ಕೈ ನೋಡಿದರು.

"ಅವ್ರ ಮನೇಲಿ ರೇಷ್ಮೆ ಹುಳ ಸಾಕ್ತಾರೆ ಕಣಮ್ಮ ಶಿರೀಷಾ. ಬಂದೋರ್ನೆಲ್ಲ ಕಾಲು ತೊಳೀದೆ ಒಳಕ್ಕೆ ಬಿಟ್ರೆ ಹುಳಕ್ಕೆ ರೋಗ ಬರಲ್ವಾ?"

ಮಾರನೆಯ ದಿನ ಆಟದ ಮನೆ ಹುಳದ ಮನೆಯಾಯಿತು. ಬಾಗಿಲಿಗೆ ಬಕೆಟ್ ಬಂತು. ವೆಂಕಟರತ್ನಮ್ಮ ನೆಂಟರಾಗಿ ಕಾಲು ನೀಡಿದರು. ಅಮೃತ ಕನ್ನಡ, ತೆಲುಗು ಬೆರೆಸಿ ಕೇಳಿದ ಒಂದೊಂದು ಮಾತಿಗೂ ಶಿರೀಷಾ ಇಂಗ್ಲಿಷ್ ಪದ ಕೊಟ್ಟಳು. ಪದಗಳನ್ನು ಜೋಡಿಸಿದ್ದು ಮಾತ್ರ ಅಮೃತಳೇ.

೪
ಸೋಮವಾರ. ಬೂಟು ಹಾಕಿಕೊಂಡೇ ಮಧುಸೂದನ್ ಹೊಸ್ತಿಲಿಗೆ ಬಂದರು. ಯಾರೂ ಹೇಳದಿದ್ದರೂ ಅಮೃತ ಎದ್ದು ಹೋಗಿ ಕೈ ಅಡ್ಡ ಹಿಡಿದಳು.

"ಸ್ಟಾಪ್, ಸರ್. ವಾಶ್ ಯುವರ್ ಫೀಟ್. ದೆನ್ ಕಮ್ ಇನ್."

ಶಿರೀಷಾ ಚಾಪೆಯ ಕಡೆ ನೋಡಿದಳು. ವೆಂಕಟರತ್ನಮ್ಮ ಸೆರಗು ಸರಿಮಾಡಿಕೊಂಡು, ತಮ್ಮದೇ ಮಗಳ ಮದುವೆಯೆಂಬಂತೆ ನೆಟ್ಟಗೆ ಕೂತಿದ್ದರು.

೫
ಮುಕ್ತಾಯಗಳು, ಆರಿಸಿಕೊಳ್ಳಿ.

ಅ) ಅಧಿಕಾರಿ ನಗುತ್ತಾರೆ. ಜೋಡಿ ಪಾಠ ಚಿಂತಾಮಣಿ, ಗೌರಿಬಿದನೂರಿಗೂ ಹೋಗುತ್ತದೆ. (ಶಿರೀಷಾಳಿಗೆ ಇದೇ ಬೇಕು. ನನಗೆ ಇಷ್ಟು ಸಲೀಸು ಅಂದರೆ ಅನುಮಾನ.)

ಆ) ಅಧಿಕಾರಿ ಸಿಡುಕುತ್ತಾರೆ. ಜೋಡಿ ಮುರಿಯುತ್ತದೆ. (ಅರ್ಧ ಬರೆದೆ. "ಆ ಪೆನ್ನು ಇಲ್ಲಿ ಕೊಡಮ್ಮ," ಎಂದರು ವೆಂಕಟರತ್ನಮ್ಮ.)

ಇ) ಅಮೃತಳನ್ನೇ ಕೇಳೋಣವೆಂದರೆ ಅವಳಿಗೆ ಪುರುಸೊತ್ತಿಲ್ಲ. ಅಧಿಕಾರಿ ಒಂದು ಬೂಟು ಬಿಚ್ಚಿ, ಒಂದು ಕಾಲು ತೊಳೆದು, ಅದನ್ನು ಹೊಸ್ತಿಲ ಮೇಲಿಡಲು ಎತ್ತಿದ್ದಾರೆ. ಅಡ್ಡ ಹಿಡಿದ ಕೈ ಇನ್ನೂ ಇಳಿದಿಲ್ಲ.

"ಸರ್, ಅದರ್ ಲೆಗ್ ಆಲ್ಸೋ."