ಸೋರದ ನೀರು

ನೆಲಕ್ಕೆ ಕಿವಿಗೊಟ್ಟು ನೀರು ಹುಡುಕುವುದು ಆಕೆಯ ಕೆಲಸ. ಬಾವಿಯ ನೀರಲ್ಲ, ಊರಿನ ಬೀದಿಗಳ ಕೆಳಗೆ ಕೊಳವೆಗಳಲ್ಲಿ ಹರಿಯುವ ನೀರು. ಅದು ಎಲ್ಲಿ ಕದ್ದು ಸೋರುತ್ತಿದೆ ಎಂಬುದನ್ನು ಮೇಲಿನಿಂದಲೇ ಹೇಳಬೇಕು. ಅದಕ್ಕೆ ಎದೆಮಟ್ಟದ ಒಂದು ಮರದ ಕೋಲಿದೆ. ಕೆಳತುದಿಯನ್ನು ನೆಲಕ್ಕೆ ಊರಿ, ಮೇಲಿನ ಬಟ್ಟಲಿನಂಥ ತುದಿಗೆ ಕಿವಿ ಹಚ್ಚಿದರೆ, ಆಳುದ್ದದ ಮಣ್ಣಿನಡಿ ಕೂದಲೆಳೆಯಷ್ಟು ಬಿರುಕಿನಿಂದ ನೀರು ಚಿಮ್ಮುವುದು 'ಸ್ಸ್' ಎಂದು ಕೇಳುತ್ತದೆ. ಕೋಲು ಅಪ್ಪನದು. ಮೂವತ್ತು ವರ್ಷ ಅವನ ಕಿವಿ ತಾಗಿ ತಾಗಿ ಬಟ್ಟಲು ಹುಣಸೆಬೀಜದ ಹಾಗೆ ನುಣುಪಾಗಿತ್ತು. ಅವನ ಕೆಲಸವನ್ನು ಇಲಾಖೆ ಮಗಳಿಗೆ ಕೊಟ್ಟಿತು. ಕಿವಿಯನ್ನು ಅವನು ಅದಕ್ಕೂ ಮೊದಲೇ ಕೊಟ್ಟಿದ್ದ. ಅಗೆಯುವವರು ಆಕೆಯನ್ನು ಕಿವಿಯಮ್ಮ ಎಂದೇ ಕರೆಯುತ್ತಿದ್ದರು.

ಆ ಹೆಸರಿಗೆ ಮೂರು ತಿಂಗಳ ಹಿಂದೆ ಮಸಿ ಹತ್ತಿತು. ಇಳಿಜಾರು ಬೀದಿಯ ಇಸ್ತ್ರಿ ಅಂಗಡಿಯ ಎದುರು, ಏದುಸಿರು ಬಿಡುತ್ತ ಏರು ಹತ್ತಿ ಬಂದವಳೇ ಕೋಲು ಊರಿ, ಕಿವಿ ಹಚ್ಚಿ, "ಇಲ್ಲೇ" ಎಂದು ಸೀಮೆಸುಣ್ಣದಲ್ಲಿ ಗುರುತು ಬರೆದಿದ್ದಳು. ಎರಡು ದಿನ ಅಗೆದರು. ಕೊಳವೆ ಎಲುಬಿನಂತೆ ಒಣಗಿ ಮಲಗಿತ್ತು. ಸೋರುತ್ತಿದ್ದದ್ದು ಎರಡು ಓಣಿ ಆಚೆ.

"ಬೆಟ್ಟ ಅಗೆದೋರಿಗೆ ಇಲಿಯಾದ್ರೂ ಸಿಕ್ಕಿತ್ತು. ನಮ್ಮ ಕಿವಿಯಮ್ಮಂಗೆ ಎರೆಹುಳಾನೂ ಸಿಗಲಿಲ್ಲ!" ಎಂದು ಇಸ್ತ್ರಿಯವನು ಬೀದಿಗೆಲ್ಲ ಕೇಳುವಂತೆ ನಕ್ಕ.

ನಗು ಹೋಗಲಿ. ಆ ಭಾನುವಾರ ಮಧ್ಯಾಹ್ನ ದಿಂಬಿಗೆ ಕೆನ್ನೆಯಿಟ್ಟು ಮಲಗಿದಾಗ ಅದೇ ಸದ್ದು ಕೇಳಿತು. ಅದೇ 'ಸ್ಸ್'. ಎದ್ದು ಕುಳಿತಳು. ದಿಂಬಿನಡಿ ಯಾವ ಕೊಳವೆಯೂ ಇರಲಿಲ್ಲ. ಅಂದು ನೆಲದೊಳಗೆ ಕೇಳಿದ್ದು ತನ್ನದೇ ಕಿವಿಯ ನೆತ್ತರಿನ ಓಟ ಎಂದು ತಿಳಿದಾಗ ಬೆವೆತುಹೋದಳು. ಅಂದಿನಿಂದ ಎಲ್ಲಿ ಕೋಲು ಊರಿದರೂ ಮೊದಲು ಕೇಳುವುದು ಅದೇ. ಅದನ್ನು ಓಡಿಸಲು ಹೋದರೆ ಎದೆ ಹೊಡೆದುಕೊಂಡು ಅದು ಇನ್ನೂ ಜೋರಾಗುತ್ತಿತ್ತು. ಎರಡು ಸಲ "ಗೊತ್ತಾಗ್ತಿಲ್ಲ" ಎಂದು ಬರಿಗೈಯಲ್ಲಿ ಬಂದಳು.

ಇದನ್ನೆಲ್ಲ ಯಾರಿಗೆ ಹೇಳುವುದು? ಅತ್ತೆಗೆ ಹೇಳಿದಳು. ಅತ್ತೆಗೆ ಕಿವಿ ಹೋಗಿ ಹತ್ತು ವರ್ಷ. ಹೇಳಿದರೆ ಕಿವುಡರ ಮುಂದೆ ಕಿನ್ನರಿ ಬಾರಿಸಿದಂತೆ, ಮಾತು ಮನೆ ದಾಟುವುದಿಲ್ಲ ಎಂಬ ಧೈರ್ಯ. ಒಗೆದ ಬಟ್ಟೆ ಮಡಚುತ್ತ, ಎದುರಿಗೆ ಕುಳಿತ ಮುದುಕಿಗೆ ಎಲ್ಲವನ್ನೂ ಒಪ್ಪಿಸಿ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ನಿನ್ನ ಕಿವಿ ಕೆಟ್ಟಿಲ್ಲ ಬಿಡು," ಎಂದರು ಅತ್ತೆ. "ಅತಿ ಚೆನ್ನಾಗಿದೆ. ಅದೇ ತೊಂದ್ರೆ."

ಆಕೆಯ ಕೈಯಿಂದ ಟವಲು ಜಾರಿತು. "ನಿಮಗೆ ಕೇಳಿಸ್ತಾ?"

"ಕೇಳಿಸಲಿಲ್ಲ, ಕಾಣಿಸ್ತು. ಹತ್ತು ವರ್ಷದಿಂದ ನಿಮ್ಮೆಲ್ಲರ ತುಟಿ ನೋಡ್ಕೊಂಡೇ ಬದುಕಿದೀನಿ. ಹೋದ ವಾರ ನನ್ನ ಅಡುಗೆಗೆ ಉಪ್ಪಿಲ್ಲ ಅಂದ್ಯಲ್ಲ ನನ್ನ ಮಗನ ಹತ್ರ, ಅದೂ ಕಾಣಿಸ್ತು."

ಇಬ್ಬರೂ ನಕ್ಕರು. ನಗು ಇಳಿದ ಮೇಲೆ ಅತ್ತೆ ಕಿಟಕಿಯ ಬಳಿಯ ಮಣೆಯತ್ತ ಕೈ ತೋರಿದರು. ದಿನವೂ ಬೆಳಿಗ್ಗೆ ಅವರು ಕಣ್ಣು ಮುಚ್ಚಿ ಕೂರುವ ಜಾಗ.

"ಕಿವಿ ಹೋದಾಗ ಇನ್ನು ಶಾಂತಿ ಅಂದ್ಕೊಂಡಿದ್ದೆ ಕಣೇ. ಎಲ್ಲಿಯ ಶಾಂತಿ! ಬೀದಿ ಬಾಗಿಲು ಹಾಕಿದ್ರೆ ಒಳಗಿನೋರ ಜಗಳ ಇನ್ನೂ ಜೋರಾಗಿ ಕೇಳ್ತದೆ. ಆಮೇಲೆ ಇಲ್ಲಿ ಕೂತ್ಕೊಳ್ಳೋಕೆ ಶುರು ಮಾಡ್ದೆ. ನೀನೂ ಕೂತ್ಕೋ. ಉಸಿರು ನೋಡ್ಕೋ. ಏನೇ ಸದ್ದು ಬಂದ್ರೂ ಓಡಿಸ್ಬೇಡ. ಬಂದೋರನ್ನ ಹೊರಗೇ ನಿಲ್ಲಿಸಿದ್ರೆ ಬಾಗಿಲು ಬಡೀತಾನೇ ಇರ್ತಾರೆ. ಬಾ, ಕೂತ್ಕೋ ಅನ್ನು. ಕೂತೋರು ಎಷ್ಟೊತ್ತು ಅಂತ ಕೂಗ್ತಾರೆ?"

"ಸುಮ್ಮನಾಗದಿದ್ರೆ ಅತ್ತೆ?"

"ನಾಳೆನೂ ಕೂತ್ಕೋ. ನಂಗೇನು ಒಂದೇ ದಿನಕ್ಕೆ ಆಯ್ತಾ? ಮೊದಲ ವರ್ಷ ಪೂರ್ತಿ ನಿದ್ದೆ ಮಾಡಿದೀನಿ, ಧ್ಯಾನ ಅಂತ ನಿಮ್ಮನ್ನೆಲ್ಲ ನಂಬಿಸಿ."

ಗಂಡ ಬಸ್ಸು ಓಡಿಸಲು ಹೋದ ಮೇಲೆ, ದಿನವೂ ಅರ್ಧ ಗಂಟೆ ಅತ್ತೆ-ಸೊಸೆ ಅಕ್ಕಪಕ್ಕ ಕೂತರು. ಮೊದಲ ವಾರ ಆಕೆಯ ಮನಸ್ಸು ಕಟ್ಟಿದ ಹಗ್ಗವನ್ನೆಲ್ಲ ಹರಿಯುವ ಕರು. ಒಲೆ ಆರಿಸಿದೆನೋ ಇಲ್ಲವೋ, ಇಸ್ತ್ರಿಯವನ ಹಲ್ಲು, ಆ ಒಣ ಕೊಳವೆ. ಬಾ, ಕೂತ್ಕೋ. ಬಾ, ಕೂತ್ಕೋ. ಕೂತವರು ಏಳುತ್ತಿದ್ದರು, ಎದ್ದವರು ಹೊಸಬರನ್ನು ಕರೆತರುತ್ತಿದ್ದರು. ಐದನೆಯ ವಾರದ ಒಂದು ಬೆಳಿಗ್ಗೆ ಎರಡು ಉಸಿರಿನ ನಡುವೆ ಯಾರೂ ಮಾತಾಡದ ಒಂದು ಗಳಿಗೆ ಬಂತು. ಬಂದದ್ದು ತಿಳಿಯುವಷ್ಟರಲ್ಲಿ ಹೋಯಿತು. ಅಷ್ಟಕ್ಕೇ ಆಕೆಯ ಮೈ ಜುಮ್ಮೆಂದಿತು.

ಆರನೆಯ ವಾರ ಇಂಜಿನಿಯರ್ ಕರೆ ಕಳಿಸಿದರು. ಅದೇ ಇಳಿಜಾರು ಬೀದಿ. ಪುಸ್ತಕ ಕಟ್ಟುವವನ ಮನೆಯ ನೆಲಮಾಳಿಗೆಗೆ ನೀರು ನುಗ್ಗಿ, ಗೋಡೆ ಕೈ ತೂರುವಷ್ಟು ಬಾಯಿ ಬಿಟ್ಟಿತ್ತು. ಹೊಸ ಯಂತ್ರ ತಂದು ನೋಡಿದ್ದರು; ಅದು ಮೂರು ಕಡೆ ಸೋರಿಕೆ ತೋರಿಸಿ ಕೈ ತೊಳೆದುಕೊಂಡಿತ್ತು. ಒಂದು ಆ ಮನೆಯ ಮುಂದೆ, ಒಂದು ತಿರುವಿನಲ್ಲಿ, ಇನ್ನೊಂದು ಮೇಲೆ ಇಸ್ತ್ರಿ ಅಂಗಡಿಯ ಮೆಟ್ಟಿಲ ಬಳಿ.

"ಹನ್ನೆರಡರೊಳಗೆ ಯಾವುದು ಅಂತ ಹೇಳಿ," ಎಂದರು ಇಂಜಿನಿಯರ್. "ಆಗದಿದ್ರೆ ಬೀದಿ ಪೂರ್ತಿ ಅಗೀಬೇಕು. ಕೆಳಗಿನ ಹೆರಿಗೆ ಆಸ್ಪತ್ರೆಗೆ ಮೂರು ದಿನ ನೀರಿರಲ್ಲ. ಬೇಜಾರು ಮಾಡ್ಕೋಬೇಡಿ, ಈ ಸಲವೂ ತಪ್ಪಿದ್ರೆ ಆ ಕೋಲನ್ನ ಉಗ್ರಾಣಕ್ಕೆ ಕೊಟ್ಟುಬಿಡಿ. ಕಚೇರಿಯಲ್ಲಿ ಕೂರೋ ಕೆಲಸ ಕೊಡಿಸ್ತೀನಿ."

ಬೀದಿಯಲ್ಲಿ ಅಗೆಯುವವರು ಹಾರೆ-ಗುದ್ದಲಿ ಹಿಡಿದು ನಿಂತಿದ್ದರು. ಮುಂದೆ ಅಪ್ಪನ ಕಾಲದ ಮುದಿ ಮೇಸ್ತ್ರಿ. ಆಕೆ ಪುಸ್ತಕದವನ ಬಾಗಿಲಲ್ಲಿ ಕೋಲು ಊರಿದಳು. 'ಸ್ಸ್'. ತಿರುವಿನಲ್ಲಿ ಊರಿದಳು. 'ಸ್ಸ್'. ಇಸ್ತ್ರಿ ಅಂಗಡಿಯ ಬಳಿಯೂ ಅದೇ. ಗಡಿಯಾರ ಹನ್ನೊಂದು ದಾಟಿತ್ತು.

"ಕಿವಿಯಮ್ಮಾ, ಈ ಸಲ ನನ್ನ ಅಂಗಡಿ ಒಳಗೇ ಅಗೆಸ್ತೀರೋ ಹೇಗೆ?" ಎಂದ ಇಸ್ತ್ರಿಯವನು.

ಆಕೆ ಅಲ್ಲೇ ನೆಲದ ಮೇಲೆ ಕಾಲು ಮಡಚಿ ಕುಳಿತು, ಕೋಲನ್ನು ಓರೆಯಾಗಿಸಿ ತಬ್ಬಿ, ಬಟ್ಟಲಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು.

"ಮಲಗಿಬಿಟ್ರಾ?" ಎಂದು ಯಾರೋ ಕಿಸಕ್ಕೆಂದರು.

"ಬಾಯ್ಮುಚ್ಚು," ಎಂದ ಮೇಸ್ತ್ರಿ.

ಬಾ, ಕೂತ್ಕೋ ಎಂದಳು ಆ ನಗುವಿಗೆ. ಗಡಿಯಾರಕ್ಕೂ ಹಾಗೇ ಎಂದಳು, ಉಗ್ರಾಣಕ್ಕೂ. ಕೊನೆಗೆ ಮೂರು ತಿಂಗಳಿಂದ ಬಾಗಿಲು ಬಡಿಯುತ್ತಿದ್ದ ತನ್ನದೇ ನೆತ್ತರಿನ ಸದ್ದು ಬಂತು. ಅದನ್ನು ಮೊದಲ ಬಾರಿಗೆ ಓಡಿಸದೆ ಕೇಳಿದಳು. ಅದಕ್ಕೊಂದು ನಡೆಯಿತ್ತು. ಎದೆಯ ಪ್ರತಿ ಬಡಿತಕ್ಕೆ ಏರಿ, ಮತ್ತೆ ಇಳಿಯುತ್ತಿತ್ತು. ಹಾಗೆ ಕೇಳಿಸಿಕೊಂಡದ್ದೇ ಸಾಕೆಂಬಂತೆ ಅದು ಒಂದು ಮೂಲೆಯಲ್ಲಿ ಕುಳಿತುಕೊಂಡಿತು.

ಆಗ ನೆಲ ತೆರೆಯಿತು.

ಮೊದಲು ಹತ್ತಿರದ್ದು: ಯಾರದೋ ಮನೆಯ ನಲ್ಲಿ, ತೊಟ್ಟಿಗೆ ಬೀಳುವ ಧಾರೆ. ಅದರಾಚೆ ದೊಡ್ಡ ಕೊಳವೆಯ ಗಂಭೀರ ಗುನುಗು. ಅದಕ್ಕೆ ಸೇರುವ ಓಣಿಗಳ ಸಣ್ಣ ದನಿಗಳು, ಆಸ್ಪತ್ರೆಯ ಕಡೆ ಇಳಿದು ಹೋಗುವ ನೀರಿನ ತಂಪು ಅವಸರ. ಮೇಲೆ ಜನ ಜಗಳವಾಡಲಿ, ನಗಲಿ, ಸಾಯಲಿ, ಕೆಳಗೆ ಕತ್ತಲಲ್ಲಿ ನೀರು ಯಾರ ಹೆಸರನ್ನೂ ಕೇಳದೆ ಎಲ್ಲರ ಮನೆಗೂ ನಡೆಯುತ್ತಲೇ ಇತ್ತು. ಹದಿನೆಂಟು ವರ್ಷ ಈ ಬೀದಿಗಳ ಮೇಲೆ ಓಡಾಡಿದ್ದಳು. ಹುಡುಕಿದ್ದು ಬರೀ ಬಿರುಕನ್ನು. ಹರಿಯುವುದನ್ನು ಕೇಳಿಯೇ ಇರಲಿಲ್ಲ. ಮುಚ್ಚಿದ ಕಣ್ಣಿನಡಿಯಿಂದ ನೀರು ಜಾರಿ ಬಟ್ಟಲಿನ ಅಂಚಿಗೆ ಬಿತ್ತು.

ಅಷ್ಟು ದನಿಗಳ ನಡುವೆ ಒಂದು ಮಾತ್ರ ಏರಲೂ ಇಲ್ಲ, ಇಳಿಯಲೂ ಇಲ್ಲ. ಸೂಜಿಯ ಮೊನೆಯಂತೆ ಒಂದೇ ಸಮ. ಎದೆ ಬಡಿಯಿತು, ಅದು ಅಲುಗಲಿಲ್ಲ. ಆಕೆ ಎದ್ದು ಉಳಿದೆರಡು ಕಡೆ ಹೋಗಿ ಹಾಗೆಯೇ ಕೂತು ಕೇಳಿದಳು. ಅಲ್ಲಿ ಅದು ದೂರದ ಎಳೆ. ತಿರುಗಿ ಏರು ಹತ್ತಿ ಬಂದು, ಮೂರು ತಿಂಗಳ ಹಿಂದೆ ಮುಚ್ಚಿದ ಗುಂಡಿಯ ತೇಪೆಯಿಂದ ಐದು ಹೆಜ್ಜೆ ಆಚೆ, ಇಸ್ತ್ರಿ ಅಂಗಡಿಯ ಮೆಟ್ಟಿಲ ಬುಡದಲ್ಲಿ ಸೀಮೆಸುಣ್ಣದ ಗುರುತು ಬರೆದಳು.

ಮೇಸ್ತ್ರಿ ಬಗ್ಗಿ ಆ ಕಲ್ಲನ್ನು ಕೈಯಿಂದ ಸವರಿದ.

"ತಂಗೀ," ಎಂದ ಮೇಸ್ತ್ರಿ ಮೆಲ್ಲಗೆ, "ಇಲ್ಲಿ ಕಲ್ಲು ಬೂದಿ ಹಾಗೆ ಒಣಗಿದೆ. ಗೋಡೆ ಬಾಯಿ ಬಿಟ್ಟಿರೋದು ಅಲ್ಲಿ ಕೆಳಗೆ. ಇನ್ನೊಂದ್ಸಲ ನೋಡ್ತೀಯಾ?"

"ನೀರು ಕೊಳವೆಯ ಮೈ ಹಿಡ್ಕೊಂಡು ಕೆಳಗೆ ಇಳೀತಿದೆ ಅಣ್ಣ. ಒಡೆದಿರೋದು ಇಲ್ಲಿ. ಅಗೀರಿ."

ಮೊಣಕಾಲುದ್ದ ಅಗೆದರು. ಒಣ ಮಣ್ಣು. ಸೊಂಟದುದ್ದ. ಒಣ ಮಣ್ಣು. ಇಸ್ತ್ರಿಯವನು ನಗಲು ಬಾಯಿ ತೆರೆದ. ಎದೆಯುದ್ದ ಇಳಿದಾಗ ಗುದ್ದಲಿಗೆ ಅಂಟಿ ಬಂದ ಮಣ್ಣು ಕಪ್ಪಗಿತ್ತು. ಮತ್ತೆರಡು ಏಟಿಗೆ ನೀರು ಬಿಸಿಲಿಗೆ ಚಿಮ್ಮಿ ಮೇಸ್ತ್ರಿಯ ಮುಖ ತೊಳೆಯಿತು. ಕೊಳವೆಯ ಬೆಸುಗೆಯಲ್ಲಿ ಉಗುರಿನಷ್ಟು ಬಿರುಕು.

ತೆರೆದ ಬಾಯನ್ನು ಮುಚ್ಚದೆಯೇ ಇಸ್ತ್ರಿಯವನು ಒಳಗೆ ಹೋಗಿ, ಗಿರಾಕಿಯ ಗರಿಗರಿ ಟವಲೊಂದನ್ನು ತಂದು ಮೇಸ್ತ್ರಿಗೆ ಕೊಟ್ಟ. ಆಮೇಲೆ ಕುರ್ಚಿ ತಂದು ಆಕೆಯ ಮುಂದೆ ಇಟ್ಟ. ಆಕೆ ಕೂರಲಿಲ್ಲ.

ಆಸ್ಪತ್ರೆಯ ನೀರನ್ನು ಪಕ್ಕದ ಓಣಿಯ ಕೊಳವೆಗೆ ತಿರುಗಿಸಿ, ಈ ತುಂಡಿಗೆ ಮಾತ್ರ ತಡೆ ಹಾಕಿದರು. ಆಕೆ ಮತ್ತೆ ನೆಲದ ಮೇಲೆ ಕುಳಿತು ಬಟ್ಟಲಿಗೆ ಕಿವಿ ಹಚ್ಚಿದಳು. ಸೂಜಿಯ ಸದ್ದು ಸಣ್ಣಗಾಗಿ ನಿಂತಿತು. ನೆಲದಡಿ ಮೌನ ಕವಿಯಿತು. ಆ ಮೌನದಲ್ಲಿ, ಮೂಲೆಯಲ್ಲಿ ಕೂತಿದ್ದ ಅತಿಥಿ ಎದ್ದು ಬಂದಂತೆ, ಒಂದೇ ಒಂದು ಹರಿವು ಕೇಳಿಸಿತು. ಏರಿ, ಇಳಿದು, ಏರಿ. ಇದಕ್ಕೇ ಅಲ್ಲವೇ ಮೂರು ತಿಂಗಳು ಹೆದರಿದ್ದು? ತಾನು ಹುಟ್ಟಿದಾಗಿನಿಂದ ನಲವತ್ತಾರು ವರ್ಷ ಒಬ್ಬರೂ ದುರಸ್ತಿ ಮಾಡದೆ, ಕೂದಲಿಗಿಂತ ಸಣ್ಣ ಕೊಳವೆಗಳಲ್ಲಿ, ನಿದ್ದೆಯಲ್ಲೂ ನಿಲ್ಲದೆ ಹರಿಯುತ್ತಿರುವ ನೀರು. ಇದನ್ನು ಹಾಕಿದವರು ಯಾರೋ, ಕಾಯುತ್ತಿರುವವರು ಯಾರೋ.

"ಏಳು ತಂಗಿ, ನೀರು ನಿಂತಾಯ್ತಲ್ಲ," ಎಂದ ಮೇಸ್ತ್ರಿ ಮುಖ ಒರೆಸುತ್ತ. "ಇನ್ನೇನು ಕೇಳ್ತಾ ಕೂತಿದೀಯಾ?"

"ಇನ್ನೊಂದು ಹರೀತಿದೆ ಅಣ್ಣ," ಎಂದಳು ಆಕೆ ಕಣ್ಣು ತೆರೆಯದೆ. "ತಡಿ, ಸ್ವಲ್ಪ ಕೇಳ್ಕೋತೀನಿ."