ಕೊಟ್ರೇಶನ ಎಡಗೈ

ಮಾಲ್‌ನಲ್ಲಿ ಸೆಕ್ಯುರಿಟಿ ಕೆಲಸ ಎಂದು ಹೇಳಿ, ದಾವಣಗೆರೆ ಕೆ.ಬಿ. ಬಡಾವಣೆಯ ಏಜೆಂಟ್ ರಾಜಕುಮಾರ್ ಕೊಕ್ಕನೂರಿನ ಇಬ್ಬರು ಗೆಳೆಯರನ್ನು ಪರದೇಶದ ಸೇನೆಗೆ ಮಾರಿದ. ಚೌಡೇಶ್ ಜೀವಂತ ಮರಳಿದ. ಕೊಟ್ರೇಶ್ ಪೆಟ್ಟಿಗೆಯಲ್ಲಿ ಬಂದ.

ಹರಿಹರದಿಂದ ಆಂಬುಲೆನ್ಸಿನಲ್ಲಿ ತಂದ ಪೆಟ್ಟಿಗೆಯನ್ನು ಊರ ರುದ್ರಭೂಮಿಯ ಗುಂಡಿಯ ಪಕ್ಕದಲ್ಲಿ ಇಳಿಸಿದ್ದರು. ರಾಜಕುಮಾರ್ ಚೌಡೇಶನನ್ನು ಬೇವಿನ ಮರದ ಮರೆಗೆ ಎಳೆದೊಯ್ದ.

"ಅಡಿಗೆಮನ್ಯಾಗೆ ಗ್ಯಾಸ್ ಸಿಡಿದು ಸತ್ತ ಅಂತ ಇವರಿಗೆ ಹೇಳೀನಿ. ನೀನೂ ಅದನ್ನೇ ಹೇಳಬೇಕು. ಇಲ್ಲಾಂದ್ರೆ, ಪರದೇಶದ ಬಂದೂಕು ಹಿಡಿದೋನು ನೀನು, ಒಳಗೆ ಹಾಕಿಸ್ತೀನಿ ಮಗನೆ."

ಮುರಿದು ಕೂಡಿದ್ದ ಪಕ್ಕೆಲುಬಿಗೆ ಮೊಣಕೈಯಿಂದ ತಿವಿದ. ಚೌಡೇಶನಿಗೆ ಕಣ್ಣು ಕತ್ತಲಿಟ್ಟಿತು.

ಒಳಗೆ ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಯುದ್ಧದಲ್ಲಿ ಸೆರೆ ಸಿಕ್ಕ ಇಬ್ಬರನ್ನೂ ಶತ್ರು ಸೈನಿಕರು ನೆಲಮಾಳಿಗೆಗೆ ದೂಡಿ ಕಬ್ಬಿಣದ ಪೈಪಿನಿಂದ ಬಡಿದಿದ್ದರು. ಕೊಟ್ರೇಶ್ ಹಲ್ಲು, ರಕ್ತ ಎರಡನ್ನೂ ಉಗುಳಿ, "ಇನ್ನು ಮಂಡಕ್ಕಿ ನೆನೆಸಿಕೊಂಡೇ ತಿನ್ನಬೇಕಲೋ" ಎಂದು ನಕ್ಕಿದ್ದ. ಆಗಲೇ ಅವನ ಕೊರಳಿನಲ್ಲಿದ್ದ ಕರಡಿಗೆ, ಇಷ್ಟಲಿಂಗದ ಪುಟ್ಟ ಡಬ್ಬಿ, ಒಬ್ಬ ಸೈನಿಕನ ಕಣ್ಣಿಗೆ ಬಿತ್ತು. ಡ್ರೋನಿಗೆ ಸುಳಿವು ಕೊಡುವ ಯಂತ್ರವೆಂದೇ ಬಗೆದು ದಾರ ಕಿತ್ತ. ಕೊಟ್ರೇಶ್ ಕರಡಿಗೆಯಿಂದ ಜಾರಿದ ಲಿಂಗವನ್ನು ಎಡಗೈಯಲ್ಲಿ ಹಿಡಿದು ಮುಷ್ಟಿ ಕಟ್ಟಿದ. ಬಿಡಿಸಲು ಅವರು ಒಂದೊಂದೇ ಬೆರಳು ಮುರಿದರು. ಹಸಿ ಕಡ್ಡಿ ಮುರಿದಂಥ ಸದ್ದು. ಉರುಳಿದ ಲಿಂಗವನ್ನು ಬೂಟಿನಡಿ ಪುಡಿ ಮಾಡಿದರು, ಆಮೇಲೆ ಅದೇ ಬೂಟು ಕೊಟ್ರೇಶನ ತಲೆಯ ಮೇಲೆ ಬಿತ್ತು. ಮತ್ತೆ ಬಿತ್ತು. ಚೌಡೇಶನ ಕೈಗಳನ್ನು ಹಿಂದಕ್ಕೆ ಬಿಗಿದಿದ್ದರು. ಗಂಟಲು ಹರಿಯುವಂತೆ ಕೂಗಿದ್ದ, ಅಷ್ಟೇ.

"ಚೌಡೇಶಾ!" ಕೊಟ್ರೇಶನ ತಾಯಿ ಕಸ್ತೂರಮ್ಮ ಪೆಟ್ಟಿಗೆಯ ಬಳಿಯಿಂದ ಕರೆದಳು. ಅವಳ ಅಂಗೈಯಲ್ಲಿ ಹೊಸ ಲಿಂಗವಿತ್ತು. "ಪೆಟ್ಟಿಗೆ ಸಮೇತ ಮಲಗಿಸಿ ಹೂಳ್ರಿ ಅಂತಾನಲ್ಲೋ ಈ ಏಜೆಂಟ! ನಮ್ಮೋರನ್ನ ಕೂಡ್ರಿಸಿ, ಎಡಗೈಯಾಗೆ ಲಿಂಗ ಇಟ್ಟು ಮಣ್ಣು ಕೊಡ್ತೀವಿ. ಮುಚ್ಚಳ ತೆಗೀದೆ ಹೆಂಗೆ ಕೂಡ್ರಿಸ್ಲಿ?"

"ಸುಟ್ಟ ಮೈ ಅವ್ವಾರೆ, ನೋಡಬ್ಯಾಡ್ರಿ," ರಾಜಕುಮಾರ್ ಅಡ್ಡ ಬಂದ. "ಬೇಕಾದ್ರೆ ಜೊತಿಗಿದ್ದ ಇವನ್ನ ಕೇಳ್ರಿ. ಹೇಳಲೇ!"

ಚೌಡೇಶ್ ಗುಂಡಿ ಅಗೆದವರ ಹಾರೆ ಎತ್ತಿಕೊಂಡ.

"ಯಾಕಲೇ ಅದು? ಇಡು ಕೆಳಗೆ! ಜೈಲು ಮರೆತೆಯಾ?"

"ಇಡಲ್ಲ." ಹಾರೆಯ ಮೊನೆ ಮುಚ್ಚಳದ ಸಂದಿಗೆ ಇಳಿಯಿತು, ಹಲಗೆ ಸೀಳಿತು. "ಅವ್ವಾ, ಇವ ಸುಟ್ಟು ಸತ್ತಿಲ್ಲ. ಎಡಗೈ ನೋಡ್ರಿ."